ರೊಟ್ಟಿ ಬಡಿಯುವ ಸಪ್ಪಳ

ವಾಳೂಜ್, ಸೋಮವಾರ

ಅತ್ತೆಯವರಿಗೆ ವಿದ್ಯಾವತಿಯ ಶರಣು.

ನೀವು ಫೋನಿನಲ್ಲಿ ಕೇಳಿದಾಗಲೆಲ್ಲ ದಿನಾ ರೊಟ್ಟಿ ಬಡಿಯುತ್ತೇನೆಂದು ಸುಳ್ಳು ಹೇಳಿದೆ. ಮೂರು ತಿಂಗಳು ಹಾಸಿಗೆ ಬಿಟ್ಟು ಏಳುವುದೇ ಆಗುತ್ತಿರಲಿಲ್ಲ. ನೀವು ಕಳಿಸಿದ ಹಿಟ್ಟಿಗೆ ಹುಳ ಬಿತ್ತು. ಪಕ್ಕದ ಖೋಲಿಯ ಸೋಲಾಪುರದ ಮಂಗಲಾಬಾಯಿ, "ನಿಮ್ಮ ರೊಟ್ಟಿ ಸಪ್ಪಳನ ಇಲ್ಲಲ್ರಿ" ಎಂದು ಬಾಗಿಲು ತಟ್ಟಿದರು. ಅವರೇ ದವಾಖಾನೆಗೆ ಕರೆದೊಯ್ದರು.

ಇದು ಸೋಮಾರಿತನವಲ್ಲ, ಯಾರ ದೃಷ್ಟಿಯೂ ಅಲ್ಲ, ಖಿನ್ನತೆ ಎಂಬ ಕಾಯಿಲೆ, ವಾಸಿಯಾಗುತ್ತದೆ ಎಂದರು ಡಾಕ್ಟರು. ಗುಳಿಗೆ ಶುರುವಾಗಿ ಐದು ವಾರವಾಯಿತು.

ಫೋನಿನಲ್ಲಿ ನನ್ನ ದನಿ ಸೋತದ್ದು ಕೇಳಿ, ದೃಷ್ಟಿ ತೆಗೆಯಲು ಬರುತ್ತೇನೆಂದಿದ್ದಿರಿ. ಮುಂದಿನ ವಾರ ಗುರುವಾರ ಬನ್ನಿ. ಅಂದು ಡಾಕ್ಟರ ಎದುರು ನನ್ನ ಪಕ್ಕ ಕೂರಬೇಕು. ಬರುವಾಗ ಜೋಳದ ಹಿಟ್ಟು ತನ್ನಿ, ಇಲ್ಲಿಯ ಹಿಟ್ಟಿಗೆ ಜಿಗಿ ಇಲ್ಲ, ಬಡಿದರೆ ರೊಟ್ಟಿ ಹರಿಯುತ್ತದೆ.

ಇವತ್ತು ಎರಡು ರೊಟ್ಟಿ ಬಡಿದೆ. ಗೋಡೆಯಾಚೆಯಿಂದ ಮಂಗಲಾಬಾಯಿ ಕೂಗಿದರು: "ನನಗೂ ಒಂದು ಬಡೀರಿ."

ನಿಮ್ಮ ಸೊಸೆ,
ವಿದ್ಯಾವತಿ