ಲೀಟರಿಗೆ ಇಪ್ಪತ್ತನಾಲ್ಕು ಕಿಲೋಮೀಟರ್ ಯಾರಿಗಾಗಿ?

ಆಸ್ಪತ್ರೆಯ ವಾಹನ ವಿಭಾಗದ ಮಾನ್ಯ ಮುಖ್ಯಸ್ಥರೇ,

ಹೈಬ್ರಿಡ್ ಕಾರನ್ನು ಲೀಟರಿಗೆ ಇಪ್ಪತ್ತನಾಲ್ಕು ಕಿಲೋಮೀಟರ್ ಓಡಿಸಲಾಗದ ಚಾಲಕ ಅಸಮರ್ಥನೆಂದು ತಾವು ಹೊರಡಿಸಿದ ಸುತ್ತೋಲೆಯಿಂದ ಒಬ್ಬ ರೋಗಿಯ ಪ್ರಾಣ ಹೋಗುವುದರಲ್ಲಿತ್ತು. ಅದರಲ್ಲಿ ನನ್ನ ತಪ್ಪೂ ಇದೆ, ಬಚ್ಚಿಡುವುದಿಲ್ಲ.

ಡಯಾಲಿಸಿಸ್ ಆದವರನ್ನು ಮನೆ ಮುಟ್ಟಿಸುವುದು ನನ್ನ ಕೆಲಸ. ಸುತ್ತೋಲೆ ಬಂದಂದಿನಿಂದ ವಿಧೇಯ ವಿದ್ಯಾರ್ಥಿಯಂತೆ ಎಲ್ಲವನ್ನೂ ಕಲಿತೆ. ವಾರವಾರವೂ ಟೈರಿನ ಗಾಳಿ ನೋಡಿಸಿದೆ. ಡಿಕ್ಕಿಯಲ್ಲಿದ್ದ ಬೇಡದ ಭಾರ ಇಳಿಸಿದೆ. ಸಿಗ್ನಲ್ ಇನ್ನೂ ದೂರವಿರುವಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ಯಾಟರಿ ತುಂಬಲೆಂದು ಬ್ರೇಕನ್ನು ಮೆಲ್ಲಗೆ ಒತ್ತಿದೆ. "ಏನಪ್ಪಾ, ಕಾರು ಓಡಿಸ್ತಿದ್ದೀಯೋ, ತೊಟ್ಟಿಲು ತೂಗ್ತಿದ್ದೀಯೋ?" ಎಂದು ಹಿಂದಿನ ಸೀಟಿನಿಂದ ಟೀಚರ್ ನಕ್ಕಿದ್ದರು. ನಿವೃತ್ತ ಗಣಿತದ ಟೀಚರ್. ವಾರಕ್ಕೆ ಮೂರು ಸಲ ನನ್ನ ಕಾರಿನಲ್ಲೇ ಬರುವವರು. ಇಷ್ಟೆಲ್ಲ ಮಾಡಿದರೂ ಸಿಕ್ಕಿದ್ದು ಇಪ್ಪತ್ತೆರಡು. ಇನ್ನೆರಡು ಕಿಲೋಮೀಟರನ್ನು ಎಲ್ಲಿಂದ ತರಲಿ? ಅದಕ್ಕೂ ತಮ್ಮಲ್ಲಿ ಉತ್ತರ ಸಿದ್ಧವಿತ್ತು: "ಎ.ಸಿ. ಬಳಸಬೇಡಿ."

ಬಳಸಲಿಲ್ಲ. ಕಳೆದ ಗುರುವಾರದ ಉರಿಬಿಸಿಲಿನಲ್ಲಿ, ಡಯಾಲಿಸಿಸ್ ಮುಗಿಸಿದ ಟೀಚರನ್ನು ಮನೆಗೆ ಬಿಡಲು ಹೋಗುವಾಗ, ರಸ್ತೆ ಅಗೆದಿದ್ದ ಕಡೆ ಸಿಕ್ಕಿಬಿದ್ದೆವು.

"ಸ್ವಲ್ಪ ಎ.ಸಿ. ಹಾಕಪ್ಪಾ, ಕಣ್ಣು ಕತ್ತಲೆ ಬರ್ತಿದೆ."

"ಇನ್ನೈದೇ ನಿಮಿಷ ಟೀಚರ್, ಕಿಟಕಿ ಇಳಿಸ್ತೀನಿ."

ಎ.ಸಿ. ಹಾಕಿದರೆ ಬ್ಯಾಟರಿ ಇಳಿದು ಪೆಟ್ರೋಲ್ ಎಂಜಿನ್ ಶುರುವಾಗುತ್ತದಲ್ಲ, ಅದೇ ನನ್ನ ಚಿಂತೆ. ಪರದೆಯ ಮೇಲೆ ಇಪ್ಪತ್ಮೂರೂವರೆ ಕಾಣುತ್ತಿತ್ತು. ನಾನದನ್ನೇ ನೋಡುತ್ತಿದ್ದೆ. ಕನ್ನಡಿಯತ್ತ ಕಣ್ಣೆತ್ತುವಷ್ಟರಲ್ಲಿ ಅವರ ತಲೆ ಬಾಗಿಲಿಗೆ ಜಾರಿತ್ತು. ಮುಟ್ಟಿದರೆ ಮೈಯೆಲ್ಲ ತಣ್ಣನೆಯ ಬೆವರು. ಕಾರು ತಿರುಗಿಸಿ, ಹಾರ್ನ್ ಒತ್ತಿಹಿಡಿದು, ಆಸ್ಪತ್ರೆಗೆ ಹೇಗೆ ತಲುಪಿದೆನೋ ನನಗೇ ಗೊತ್ತಿಲ್ಲ.

ಬದುಕಿದರು. ಮರುದಿನ ಅಪರಾಧಿಯಂತೆ ಮಂಚದ ಪಕ್ಕ ನಿಂತೆ. ಅವರು ಬೈಯಲಿಲ್ಲ. "ಎಷ್ಟು ಬಂತಪ್ಪಾ ಮೈಲೇಜು?" ಎಂದು ಕೇಳಿದರು, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪೆಟ್ರೋಲ್ ಉಳಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಡಯಾಲಿಸಿಸ್ ಆದವರ ರಕ್ತದೊತ್ತಡ ಕುಸಿಯಬಹುದೆಂಬುದು ಆಸ್ಪತ್ರೆಯೊಳಗೇ ಕುಳಿತ ತಮಗೆ ತಿಳಿಯದೇ? ಸಭೆ ಮುಗಿಸಿ ತಾವು ಇಳಿದು ಬರುವವರೆಗೆ ತಮ್ಮ ಕಾರು ಎ.ಸಿ. ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತದಲ್ಲ, ಅದರ ಮೈಲೇಜನ್ನು ಯಾರು ಅಳೆಯುತ್ತಾರೆ?

ರೋಗಿಗಳನ್ನು ಒಯ್ಯುವ ಕಾರುಗಳಿಗೆ ಈ ಸುತ್ತೋಲೆ ಅನ್ವಯಿಸದೆಂದು ಸೋಮವಾರದೊಳಗೆ ಲಿಖಿತವಾಗಿ ತಿಳಿಸಿ. ತಿಳಿಸದಿದ್ದರೂ ನನ್ನ ಕಾರಿನಲ್ಲಿ ಎ.ಸಿ. ಆರುವುದಿಲ್ಲ. ಶಿಸ್ತುಕ್ರಮದ ಕಾಗದವನ್ನು ಧಾರಾಳವಾಗಿ ಕಳಿಸಿ, ಸಹಿ ಹಾಕಿ ತೆಗೆದುಕೊಳ್ಳುತ್ತೇನೆ.

ಇಂತಿ,
ಮೈಲೇಜಿನಲ್ಲಿ ನಪಾಸಾದ ತಮ್ಮ ಚಾಲಕ