ನೀವು ಅಗೆಯದೆ ಬಿಟ್ಟ ಕಾಲುಭಾಗ

ಹೊಳೆ ಹೊರಳಿದ ೩೧೨ನೇ ವರ್ಷ, ಹುರುಳಿ ಒಕ್ಕುವ ತಿಂಗಳು.

ಹಿಂದಿನವರಾದ ನಿಮಗೆ ಹುಲಿಗೆಮ್ಮಳ ನಮಸ್ಕಾರ. ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗದು. ತುಂಗಭದ್ರೆ ತನ್ನ ಪಾತ್ರ ಬದಲಿಸಿದ ವರ್ಷದಿಂದ ನಾವು ಎಣಿಸುತ್ತೇವೆ. ನಿಮಗಿಂತ ಏಳುನೂರು ವರ್ಷ ಮುಂದಿದ್ದೇನೆ ಎಂದುಕೊಳ್ಳಿ. ನಿಮ್ಮ ಕನ್ನಡವನ್ನು ಹಳೆಯ ಕಾಗದಗಳಿಂದ ಕಲಿತವಳು ನಾನು. ಎಲ್ಲಾದರೂ ಸರ್ಕಾರಿ ನೋಟೀಸಿನ ವಾಸನೆ ಬಂದರೆ ತಪ್ಪು ಆ ಕಾಗದಗಳದ್ದು.

ನಾನು ಮಣ್ಣೋದುಗಿ. ಈ ಕೆಲಸದವರನ್ನು ನೀವು ಪುರಾತತ್ವಜ್ಞರು ಎನ್ನುತ್ತಿದ್ದಿರಿ. ಶಾಲೆ ಕಂಡವಳಲ್ಲ, ಮಣ್ಣಿನ ಬುಟ್ಟಿ ಹೊತ್ತು ಶುರುಮಾಡಿ ಈಗ ಇಡೀ ದಿಬ್ಬದ ಉಸ್ತುವಾರಿಗೆ ಬಂದಿದ್ದೇನೆ. ಬೆಳಿಗ್ಗೆ ನೆಲದ ಮೇಲೆ ಒಳಗಣ್ಣು ಇಡುತ್ತೇವೆ. ರೊಟ್ಟಿ ಹಂಚಿನಷ್ಟು ಅಗಲದ ಆ ಬಿಲ್ಲೆ ಎರಡಾಳು ಆಳದ ತನಕ ಇರುವುದನ್ನೆಲ್ಲ ತೋರಿಸುತ್ತದೆ. ಅದು ಏಕೆ ಅಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ. ಅದಕ್ಕೇ ನನ್ನಂಥವರಿಗೆ ಇನ್ನೂ ಕೆಲಸವಿದೆ.

ನಮ್ಮ ದಿಬ್ಬದ ಕೆಳಗಿನ ಊರು ನಿಮ್ಮ ಕಾಲಕ್ಕೇ ನಾಲ್ಕು ಸಾವಿರ ವರ್ಷ ಹಳೆಯದು. ನೀವು ಅದರ ಮುಕ್ಕಾಲು ಭಾಗ ಅಗೆದು, ಮುಂದಿನವರ ಬಳಿ ಒಳ್ಳೆಯ ಉಪಕರಣ ಇದ್ದೀತೆಂದು ಕಾಲುಭಾಗ ಮುಟ್ಟದೆ ಗೂಟ ನೆಟ್ಟು ಹೋದಿರಿ. ಮುಂದಿನವರು ನಿಮಗಿಂತ ಜಾಣರಿರಬಹುದೆಂದು ಒಪ್ಪಿಕೊಂಡಿರಲ್ಲ, ಅದು ಸಣ್ಣ ಮಾತಲ್ಲ.

ಮನೆಗಳಲ್ಲಿ ಕಾಳಿಲ್ಲ, ತಾಮ್ರವಿಲ್ಲ ಎಂದು ನೀವು ಬರೆದಿಟ್ಟಿರಿ. ಅದನ್ನು ಓದಿದ ನಮ್ಮ ಹಿರಿಯ ವಿದ್ವಾಂಸರು ಇಂದುಧರಯ್ಯ, ಇದು ಸುಲಿಗೆಯಾದ ಊರು ಎಂದರು. ಸುಗ್ಗಿಯ ಹೊತ್ತಿಗೆ ಹಾಗೆಂದೇ ಕಲ್ಲಿನಲ್ಲಿ ಕೆತ್ತುವುದೆಂದು ನಿಶ್ಚಯವಾಗಿತ್ತು. ಈ ಕಣಿವೆಯಲ್ಲಿ ಮೊದಲು ಬದುಕು ಕಟ್ಟಿದವರು ಊರು ಉಳಿಸಿಕೊಳ್ಳಲಾರದವರು ಎಂದು ನಮ್ಮ ಮಕ್ಕಳು ಓದಬೇಕಿತ್ತು. ನನಗೆ ಅದನ್ನು ಸಹಿಸಲಾಗಲಿಲ್ಲ. ನಿಮ್ಮ ಕಾಲುಭಾಗದಲ್ಲಿ ಅರ್ಧವನ್ನು ತೆರೆಯಲು ಹಟ ಹಿಡಿದು ಅನುಮತಿ ಪಡೆದೆ.

ಸಿಕ್ಕವು ನಲವತ್ತೊಂದು ಅರೆಯುವ ಕಲ್ಲು. ಮೂವತ್ತೆಂಟನ್ನು ಕವುಚಿಟ್ಟಿದ್ದರು. ಪ್ರತಿಯೊಂದರ ಕೆಳಗೂ ಕರಿಗಟ್ಟಿದ ಒಂದು ಹಿಡಿ ಹುರುಳಿ.

ನಾನು ಕಲ್ಲಿನ ಪಕ್ಕ ಕೂತುಬಿಟ್ಟಿದ್ದೆ. ಇಂದುಧರಯ್ಯನವರು ಮೇಲಿನಿಂದ ಬಗ್ಗಿ, "ಏನವ್ವಾ ಹುಲಿಗೆಮ್ಮ, ಕಲ್ಲು ಕಿವ್ಯಾಗ ಏನರ ಹೇಳಾಕತ್ತೈತೇನು?" ಎಂದರು.

"ಕಿವ್ಯಾಗ ಹೇಳೂದಿಲ್ರೀ ಯಪ್ಪಾ, ಬೆನ್ನು ತೋರಿಸೈತಿ. ನೀವು ಮುಖಾನ ನೋಡ್ಕೋತ ಕುಂತೀರಿ."

ಪ್ರತಿ ಮಳೆಗಾಲ ಹೊಳೆ ಏರುವ ಮುಂಚೆ ನಾವು ಏರುಮನೆಗಳಿಗೆ, ಅಂದರೆ ಗುಡ್ಡದ ಮೇಲಿನ ಮನೆಗಳಿಗೆ ಹೋಗುತ್ತೇವೆ. ಹೊರಡುವಾಗ ಅರೆಯುವ ಕಲ್ಲನ್ನು ಕವುಚಿ, ಕೆಳಗೆ ಹಿಡಿ ಹುರುಳಿ ಇಡುತ್ತೇವೆ. ಮರಳಿದ ದಿನ ಮೊದಲು ಬೇಯುವುದು ಅದೇ. ಸುಲಿಯಲು ಬಂದವನು ಯಾರ ಮನೆಯ ಕಲ್ಲನ್ನೂ ಜೋಪಾನವಾಗಿ ಕವುಚುವುದಿಲ್ಲ. ಆ ಊರಿನವರು ಓಡಿದವರಲ್ಲ; ಕಾಳು, ತಾಮ್ರ ಹೊತ್ತುಕೊಂಡು, ಮರಳಿ ಬರುತ್ತೇವೆಂದು ಹೊರಟವರು. ಉಳಿದ ಮೂರು ಮನೆಯವರ ಬಗ್ಗೆ ಕೇಳಬೇಡಿ; ಹೇಳಿದ್ದನ್ನು ಮಾಡದ ಮೂರು ಮನೆ ಪ್ರತಿ ಊರಲ್ಲೂ ಇರುತ್ತವೆ.

ನಿಮ್ಮ ಮುಕ್ಕಾಲು ಭಾಗದಲ್ಲೂ ಇನ್ನೂರು ಕಲ್ಲು ಸಿಕ್ಕಿದ್ದವು. ಫೋಟೋದಲ್ಲಿ ಅರೆದು ಸವೆದ ತಗ್ಗು ಚೆನ್ನಾಗಿ ಕಾಣಲೆಂದು ಎಲ್ಲವನ್ನೂ ಮೇಲ್ಮುಖ ಮಾಡಿ, ಕೆಳಗಿದ್ದ ಕರಿ ಕಾಳನ್ನು ಮಣ್ಣೆಂದು ಗುಡಿಸಿಬಿಟ್ಟಿರಿ. ಹೇಗೆ ಬಿದ್ದಿದ್ದವು ಎಂದು ಒಂದು ಸಾಲೂ ಬರೆಯಲಿಲ್ಲ. ಫೋಟೋಗಳು ಬಹಳ ಸುಂದರವಾಗಿವೆ.

ಮೂರನೆಯ ದಿನ ಇಂದುಧರಯ್ಯನವರು ತಾವೇ ಬಂದು, ಕೆತ್ತಬೇಕಿದ್ದ ಕಲ್ಲಿನ ಒಕ್ಕಣೆ ತಿದ್ದಿದರು. ಈಗ ಅಲ್ಲಿ "ಮರಳಿ ಬರುವವರ ಊರು" ಎಂದಿದೆ. "ಬರುವವರ" ಎಂದೇ ಇರಲಿ, "ಬರಬೇಕಿದ್ದವರ" ಬೇಡ ಎಂದು ನಾನೇ ಹೇಳಿದ್ದು.

ನಿಮ್ಮಲ್ಲಿ ಒಂದೇ ಕೋರಿಕೆ. ನೆಲದಿಂದ ಏನನ್ನಾದರೂ ಎತ್ತುವ ಮೊದಲು ಅದು ಹೇಗೆ ಬಿದ್ದಿತ್ತು ಎಂದು ಬರೆಯಿರಿ. ಎತ್ತಿದ ಮೇಲೆ ಉಳಿಯುವುದು ನಿಮ್ಮ ಕೈ ಇಟ್ಟ ರೀತಿ ಮಾತ್ರ.

ಉಳಿದ ಅರ್ಧವನ್ನು ನಾನು ಮುಟ್ಟಿಲ್ಲ. ಗೂಟದ ಪಕ್ಕದಲ್ಲಿ ನಮ್ಮಜ್ಜಿಯ ಅರೆಯುವ ಕಲ್ಲನ್ನು ಕವುಚಿಟ್ಟಿದ್ದೇನೆ. ಕೆಳಗೆ ಈ ವರ್ಷದ ಹುರುಳಿ ಇದೆ, ಒಂದು ಹಿಡಿ.