ಹಾಳು ಗುಡಿಯಲ್ಲಿ ಹಲ್ಲಿನ ಡಾಕ್ಟರು

ಮನೆ, ಊಟದ ಮೇಜು
ಸೋಮವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಚ್ಚೀ,

ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ನೀನು ಹಾಸಿಗೆಯ ಮೇಲೆ ಮಲಗುತ್ತಿದ್ದೀಯೋ, ಅದೇ ನಿನ್ನ ಬೆನ್ನಿನ ಮೇಲೆ ಮಲಗುತ್ತಿದೆಯೋ? ಬಿಸಿನೀರು ಕುಡಿ. ಇದು ನಿಮ್ಮಮ್ಮನ ಅಪ್ಪಣೆ. ನಾನು ಬರೀ ಟಪಾಲು. ಪರಿಚಯವಾಗಲಿ ಅಂತ ನೀನೂ ನಿನ್ನ ಹುಡುಗನೂ ಸೇರಿ ಗೊತ್ತುಮಾಡಿದ ಹಾಳು ಗುಡಿಯ ಪ್ರವಾಸ ನಿನ್ನೆ ಮುಗಿಯಿತು. ನಿಮ್ಮಮ್ಮ ಕಾಲು ಉಳುಕಿದ ನೆಪ ಹೇಳಿ ತಪ್ಪಿಸಿಕೊಂಡು, ನನ್ನೊಬ್ಬನನ್ನೇ ಹುಡುಗನ ತಂದೆಯ, ಅಂದರೆ ಹಲ್ಲಿನ ಡಾಕ್ಟರ, ಕಾರಿನಲ್ಲಿ ಕೂರಿಸಿದಳು.

ನೀನು ಫೋನಿನಲ್ಲಿ ಹೇಳಿದ್ದು ಕಿವಿಯಲ್ಲೇ ಇತ್ತು. “ಅಪ್ಪಾ, ಅವರು ತುಂಬಾ ಸೀರಿಯಸ್ ಮನುಷ್ಯ. ಒಂದೇ ಒಂದು ದಿನ ಬಾಯಿ ಮುಚ್ಕೊಂಡಿರು, ಕೈ ಮುಗಿತೀನಿ. ಈ ಸಂಬಂಧನೂ ತಪ್ಪಿಹೋದ್ರೆ ನಾನು ನಿನ್ನ ಹತ್ರ ಮಾತೇ ಆಡಲ್ಲ.” ಹೋದ ಸಲದವರು ನನ್ನ ತಮಾಷೆಗೆ ಎದ್ದುಹೋದರೆಂದು ನಿನ್ನ ನಂಬಿಕೆ, ಕುರ್ಚಿ ಸರಿಯಿರಲಿಲ್ಲವೆಂದು ನನ್ನದು. ಇರಲಿ. ಬೀಗರಾಗಲಿರುವವರ ಮುಂದೆ ಬಾಯಿಗೆ ಬೀಗ ಹಾಕಿದೆ. (ಇದನ್ನು ಕಾರಿನಲ್ಲೇ ಹೇಳಬಹುದಿತ್ತು. ನುಂಗಿಕೊಂಡೆ. ಎಷ್ಟು ಸಂಕಟ ಗೊತ್ತಾ?)

ಗುಡಿಗೆ ಛಾವಣಿಯಿಲ್ಲ, ಬಾಗಿಲಿಲ್ಲ, ದೇವರೂ ಇಲ್ಲ. ಕಂಬಗಳು ಅಲ್ಲೊಂದು ಇಲ್ಲೊಂದು, ನಡುವೆ ಖಾಲಿ, ಥೇಟು ನೀನು ಹಾಲುಹಲ್ಲು ಉದುರಿಸಿಕೊಂಡಿದ್ದಾಗಿನ ಫೋಟೋ. ಹಲ್ಲಿನ ಡಾಕ್ಟರ ಪಕ್ಕದಲ್ಲಿ ನಿಂತು ಅದನ್ನು ನೋಡಿಯೂ ಸುಮ್ಮನಿರುವುದೆಂದರೆ! ಸಾಲದ್ದಕ್ಕೆ ಫಲಕದಲ್ಲಿ ‘ದಂತಕಥೆಯ ಪ್ರಕಾರ’ ಎಂದು ಬೇರೆ ಬರೆದಿದ್ದರು. ದವಡೆ ಬಿಗಿಹಿಡಿದೆ, ಕೆನ್ನೆ ಒತ್ತಿಕೊಂಡೆ. ಅವರೋ ನನ್ನ ಮುಖವೊಂದನ್ನು ಬಿಟ್ಟು ಆಕಾಶ, ಹುಲ್ಲು, ತಮ್ಮ ಬೂಟು ಎಲ್ಲ ನೋಡುತ್ತಿದ್ದರು. ಮುಗಿಯಿತು, ನಾನು ಹಿಡಿಸಲಿಲ್ಲ, ಮಗಳಿಗೇನು ಹೇಳಲಿ ಎಂದುಕೊಂಡೆ.

ಊಟದ ಡಬ್ಬಿ ಬಿಚ್ಚಿದಾಗ, ಬಾಯಿ ತೆರೆದರೆ ತಮಾಷೆ ಜಾರೀತೆಂದು ನಾನು ತಿನ್ನದೆ ಕೂತದ್ದು ಕಂಡು ಅವರಿಗೆ ತಡೆಯಲಾಗಲಿಲ್ಲ. “ಕ್ಷಮಿಸಿ ಸಾರ್, ನೋಡಬಾರ್ದು ಅಂದ್ಕೊಂಡ್ರೂ ಕಾಣುತ್ತೆ. ಎಷ್ಟು ದಿನದಿಂದ ಈ ನೋವು? ಬಾಯಿ ಬಿಡಿ.” ಬಿದ್ದ ಕಂಬಕ್ಕೆ ನನ್ನನ್ನು ಒರಗಿಸಿ, ಮೊಬೈಲಿನ ಟಾರ್ಚು ಹಾಕಿ ಇಣುಕಿದರು. ನೋವಲ್ಲ ಎಂದು ಹೇಳಲೇಬೇಕಾಯಿತಲ್ಲ. ಬಾಯಿ ಬಿಟ್ಟ ಮೇಲೆ ಉಳಿದದ್ದೂ ಹೊರಬಿತ್ತು. ನಿನ್ನ ಕಟ್ಟಪ್ಪಣೆ, ಬೀಗ, ದಂತಕಥೆ, ನಿನ್ನ ಫೋಟೋ, ಎಲ್ಲ ಒಂದೇ ಉಸಿರಿಗೆ. ಅವರು ಟಾರ್ಚು ಹಿಡಿದೇ ನೆಟ್ಟಗೆ ನಿಂತರು. ನನ್ನ ಜೀವ ಬಾಯಿಗೆ ಬಂತು. ಅದೂ ಅವರಿಗೆ ಕಂಡಿರಬೇಕು.

ಆಮೇಲೆ ನಕ್ಕರು ನೋಡು! ನಕ್ಕು ನಕ್ಕು ಕಂಬದ ಮೇಲೆ ಕುಸಿದು, ತಮ್ಮ ಡಬ್ಬಿಯನ್ನೇ ಹುಲ್ಲಿಗೆ ಚೆಲ್ಲಿದರು. “ನನಗೂ ಮಗನ ಆರ್ಡರ್ ಆಗಿತ್ತು ಸಾರ್. ‘ಅಪ್ಪಾ, ದಯವಿಟ್ಟು ಅವರ ಬಾಯಿ ಮಾತ್ರ ನೋಡ್ಬೇಡ, ಹೋದಲ್ಲೆಲ್ಲಾ ಹಲ್ಲು ಎಣಿಸ್ತೀಯ’ ಅಂತ.” ಆಕಾಶ ನೋಡಿದ್ದು ಅದಕ್ಕಂತೆ, ಪಾಪ! ಉಳಿದ ಒಂದು ಡಬ್ಬಿಯಲ್ಲೇ ಇಬ್ಬರೂ ಉಂಡೆವು. ದಾರಿಯುದ್ದಕ್ಕೂ ನಿಮ್ಮಿಬ್ಬರನ್ನು ಮನಸಾರೆ ಬೈದುಕೊಂಡು ಬಂದೆವು. ಎಷ್ಟು ಹಗುರವಾಯಿತು ಅಂತೀಯ!

ನಿಮ್ಮಮ್ಮನ ಮುತ್ತು, ನನ್ನ ಆಶೀರ್ವಾದ, ಎರಡನ್ನೂ ಕೆಮ್ಮಿನ ಔಷಧಿಯ ಜೊತೆ ತಪ್ಪದೆ ತೆಗೆದುಕೋ.

ನಿನ್ನ,
ಬಾಯಿಬಿಟ್ಟ ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ನಿಮ್ಮಮ್ಮ ಬಿಚ್ಚಿಸಿದಳು. “ಅಸಲು ವಿಷಯ ಬರೆದ್ರಾ?” ಅಂತ. ಡಾಕ್ಟರು ಸಂಬಂಧಕ್ಕೆ ಒಪ್ಪಿದ್ದಾರೆ ಕಣೇ! ಮದುವೆಯ ದಿನ ನಾನು ಬಾಯಿ ಮುಚ್ಚಿಕೊಂಡಿರಬಾರದು, ಅದೊಂದೇ ಷರತ್ತು. ಒಂದು ದವಡೆಹಲ್ಲು ನಿಜವಾಗಿಯೂ ಅಲ್ಲಾಡುತ್ತಿದೆಯಂತೆ, ಶನಿವಾರ ಕೀಳುತ್ತಾರೆ. ಸಂಬಂಧ ಗಟ್ಟಿ.